ಅರವತ್ತೊಂದು ಮನೆಯ ಪೆಟ್ಟಿಗೆಗೆ ಗವಸು

ದುರ್ಗಿಗುಡಿಯ ನನ್ನ ಅಂಗಡಿಗೆ
ಡೊಲ್ಫಿ ಕೀಬೋರ್ಡು ತಂದ, ಬೆಡ್‌ಶೀಟಿನಲ್ಲಿ ಸುತ್ತಿ,
ಹೆರಿಗೆ ಆಸ್ಪತ್ರೆಯಿಂದ ತಂದ ಹಾಗೆ.
'ರೆಕ್ಸಿನ್ನಿಂದೇ ಹಾಕು ಮಾರಾಯ, ಜಿಪ್ ಗಟ್ಟಿಯಿರಲಿ.
ಬುಧವಾರ ರಿಪ್ಪನ್‌ಪೇಟೆಯಲ್ಲಿ ನಿಶ್ಚಿತಾರ್ಥ.'
ಇಟ್ಟ, ಟೀ ಕುಡಿದ, ಹೋದ.
ಅದೊಂದನ್ನು ಬಿಟ್ಟು
ಬೇರೆಲ್ಲ ಮಾತಾಡಿದೆವು.

ಟೇಪು ಹಿಡಿದೆ.
ಉದ್ದ ಮೂರಡಿ ಒಂದಿಂಚು, ಅಗಲ ಒಂದಡಿ ಮೂರು,
ಎತ್ತರ ಐದೂವರೆ ಇಂಚು.
ಐವರಿದ್ದೆವು ಆರ್ಕೆಸ್ಟ್ರಾದಲ್ಲಿ,
ಮೆಟಡೋರು ಸಾಲುತ್ತಿರಲಿಲ್ಲ.
ನನ್ನ ಡ್ರಮ್ಮುಗಳಿಗೇ ಅರ್ಧ ಗಾಡಿ,
ಖಲಂದರನ ಬೇಸ್ ಗಿಟಾರು ಎಲ್ಲರ ಕಾಲಡಿಗೆ,
ರುದ್ರೋಜಿಯ ಟ್ರಂಪೆಟ್ಟು ಅವನ ಮಡಿಲಲ್ಲಿ,
ಸುಗಂಧಿ ಮುಂದಿನ ಸೀಟಿನಲ್ಲಿ
ಗಂಟಲಿಗೆ ಮಫ್ಲರ್ ಸುತ್ತಿ, ಯಾರ ಜೊತೆಗೂ ಮಾತಿಲ್ಲ.
ಈಗ ಅಷ್ಟೂ ಜನ
ಐದೂವರೆ ಇಂಚಿನೊಳಗೆ.

ಮಧ್ಯಾಹ್ನ ಗಿರಾಕಿಯಿಲ್ಲ.
ಹೊಲಿಗೆ ಮಿಷನ್ನಿನ ಪ್ಲಗ್ಗು ಕಿತ್ತು ಇದರದ್ದು ಚುಚ್ಚಿದೆ.
ಗಾಜಿನ ಮೇಲೆ ನೀಲಿ ಅಕ್ಷರ ಮೂಡಿ
ಸಾಲಾಗಿ ಹೆಸರುಗಳು:
ಏಟ್ ಬೀಟ್, ಸಿಕ್ಸ್‌ಟೀಸ್ ಪಾಪ್, ಸ್ಲೋ ಬ್ಯಾಲಡ್,
ಡಿಸ್ಕೊ, ಬೀಚ್ ರುಂಬಾ.
ಯಾವ ಊರಿನ ಯಾವ ಸಂಜೆಗಳೋ.
ನಮಗೆ ಸಿಕ್ಕಿದ್ದು ಕಾಪಿಯ ಕಾಪಿ,
ಡೊಲ್ಫಿಯ ಚಿಕ್ಕಪ್ಪ ಬಹರೇನಿನಿಂದ ತಂದ ಕ್ಯಾಸೆಟ್ಟು.
ಪೆನ್ಸಿಲ್ ತೂರಿಸಿ ಸುತ್ತಿ, ಮತ್ತೆ ಸುತ್ತಿ,
ಪದ ತಿಳಿಯದೆ ತಾಳ ಕಲಿತೆವು.

ಯಾವುದೋ ಗುಂಡಿ ಒತ್ತಿದೆ.
ಸದ್ದಿಲ್ಲ. ಕೆಂಪು ದೀಪವೊಂದು ಮಿಣುಕುತ್ತ ನಿಂತಿತು.
ಕೆಟ್ಟಿತೇನೋ ಎಂದು ಬೆವರಿದೆ.
ಆಮೇಲೆ ತಿಳಿಯಿತು, ಅದು ಕಾಯುತ್ತಿದೆ,
ಎಡಗೈ ಮುಟ್ಟುವವರೆಗೆ.
ಇಷ್ಟು ತಾಳ್ಮೆಯಿಂದ ನನಗಾಗಿ
ಯಾವ ಮದುವೆ ಮನೆಯೂ ಕಾದಿರಲಿಲ್ಲ.

ಕೆಲಸದ ಹುಡುಗ ಚೌಡೇಶ
ಅಂಟು ಮೆತ್ತಿದ ಒಂದೇ ಬೆರಳು ಊರಿದ.
ಡ್ರಮ್ಮು ಬಂತು, ಬೇಸು ಬಂತು, ಗಿಟಾರು ಬಂತು,
ಹಿಂದಿನಿಂದ ಪಿಟೀಲುಗಳ ದಿಬ್ಬಣವೇ ಬಂತು.
ಪಕ್ಕದ ಝೆರಾಕ್ಸ್ ಅಂಗಡಿಯವಳು ಹಣಕಿದಳು.
ಅವನು ಬೆರಳು ಒಂದು ಮನೆ ಆಚೆ ಸರಿಸಿದ,
ಇಡೀ ದಿಬ್ಬಣ ಅವನ ಹಿಂದೆಯೇ ಸರಿಯಿತು.
ನಕ್ಕ.
ಆ ನಗು ನನಗೆ ಗೊತ್ತು.
ಅದಕ್ಕಾಗಿ ನಾನು ಎರಡು ವರ್ಷ
ಸೀಮೆಎಣ್ಣೆ ಡಬ್ಬ ಬಡಿದಿದ್ದೆ.
ಹೊಟ್ಟೆಕಿಚ್ಚಾಯಿತೆ? ಆಯಿತು.
ಕಾಲು ಮಾತ್ರ ನನ್ನ ಮಾತು ಕೇಳಲಿಲ್ಲ,
ಕರೆಂಟಿಲ್ಲದ ಪೆಡಲ್ಲಿನ ಮೇಲೆ
ತಾನೇ ಕಿಕ್ ಹೊಡೆಯತೊಡಗಿತು.

ಒಳಗಿರುವವನು ಒಳ್ಳೆಯವನು.
ಅಡ್ವಾನ್ಸ್ ಕೇಳುವುದಿಲ್ಲ, ಕುಡಿಯುವುದಿಲ್ಲ,
ಹೊಸನಗರದ ಸಾಹುಕಾರರ ಮನೆಯಲ್ಲಿ ನಾನು ಮಾಡಿದ ಹಾಗೆ
ಹೋಳಿಗೆ ಬಿಟ್ಟೇಳಲಾರದೆ ತಡಮಾಡುವುದಿಲ್ಲ.
ಫಿಲ್ ಎಂಬ ಗುಂಡಿ ಒತ್ತಿದರೆ
ಉರುಳುರುಳಿ ಬಂದು ಸರಿಯಾಗಿ ಒಂದರ ಮೇಲೆ ಬೀಳುತ್ತಾನೆ.
ನಾನು ಯಾವಾಗಲೂ ಕೂದಲೆಳೆಯಷ್ಟು ಹಿಂದೆ.
ಡೊಲ್ಫಿ ತಿರುಗಿ ನೋಡಿ ಕಣ್ಣು ಬಿಡುತ್ತಿದ್ದ.
ಆ ಕೂದಲೆಳೆಯಲ್ಲಿ
ಸುಗಂಧಿ ಉಸಿರೆಳೆದುಕೊಳ್ಳುತ್ತಿದ್ದಳು.
ಇದನ್ನು ಯಾರಿಗೂ ಹೇಳಿಲ್ಲ, ಅವಳಿಗೂ.

ನಿಲ್ಲಿಸುವುದು ಹೇಗೆಂದು ಚೌಡೇಶ ಹುಡುಕಿದ.
ಬಿಡೋ, ಇರಲಿ ಎಂದೆ.
ಅದು ನುಡಿಯುತ್ತಿರುವಾಗಲೇ ರೆಕ್ಸಿನ್ ಹಾಸಿ ಗೆರೆ ಎಳೆದೆ,
ಸೀಮೆಸುಣ್ಣ ಒಂದೆರಡು ಕಡೆ ಕುಣಿಯಿತು.
ಹೊರಗೆ ಕಪ್ಪು. ಒಳಗೆ
ಡೊಲ್ಫಿ ಕೇಳದಿದ್ದ ಕೆಂಪು ವೆಲ್ವೆಟ್.
ಬಲಬದಿಗೆ ಉದ್ದದ ಜೇಬೊಂದು, ಅದೂ ಕೇಳಿದ್ದಲ್ಲ.

'ಇದೆಂತಕ್ಕೆ?' ಎಂದ ಬುಧವಾರ ಬೆಳಿಗ್ಗೆ.
'ವೈರು ಇಡ್ಲಿಕ್ಕೆ.'
ಎರಡು ಡ್ರಮ್ ಕೋಲು ಸರಿಯಾಗಿ ಹಿಡಿಸುತ್ತವೆ ಅದರಲ್ಲಿ,
ಇಟ್ಟು ನೋಡಿ ತೆಗೆದಿದ್ದೆ.
ಡೊಲ್ಫಿ ಜೇಬಿನೊಳಗೆ ಮೊಣಕೈವರೆಗೆ ಕೈ ಹಾಕಿದ,
ತುಸು ಹೊತ್ತು ಹಾಗೇ ಇದ್ದ.
ಆಮೇಲೆ ಜಿಪ್ಪನ್ನು ಎರಡು ಸಲ ಎಳೆದು ನೋಡಿ
ದುಡ್ಡು ಎಣಿಸಿದ.
ಐವತ್ತು ಬಿಟ್ಟುಕೊಟ್ಟೆ.